ಚಂಡಮಾರುತದ ದಿನ ಮೂವತ್ತೆಂಟು ಫೋನು

ಸಿಟ್ಟು ಬಂದಾಗ ಒಬ್ಬೊಬ್ಬರದು ಒಂದೊಂದು ರೀತಿ. ನಮ್ಮ ಅವ್ವ ಪಾತ್ರೆ ಕುಕ್ಕುತ್ತಾಳೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಯವರೆಗೆ ಹೋಗಿ ಬರುತ್ತಾನೆ. ನಾನು ಗೀಟು ಎಳೆಯುತ್ತೇನೆ. ದಿನಚರಿಯ ಪುಟದ ಬಲ ಅಂಚಿನಲ್ಲಿ ನಾಲ್ಕು ಉದ್ದ ಗೀಟು, ಐದನೆಯದು ಅವುಗಳ ಮೇಲೆ ಅಡ್ಡ. ಯಾರು ನನ್ನನ್ನು ಎಷ್ಟು ಸಲ ರೇಗಿಸಿದರು ಎಂಬುದಕ್ಕೆ ಒಂಬತ್ತನೇ ತರಗತಿಯಿಂದ ಇಲ್ಲಿಯವರೆಗೆ ನನ್ನ ಹತ್ತಿರ ಲಿಖಿತ ಪುರಾವೆ ಇದೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು. ಆದರೂ ಜಗಳದಲ್ಲಿ "ನೀ ಯಾವಾಗಲೂ ಹಿಂಗ" ಅನ್ನುವವರಿಗಿಂತ "ಈ ವರ್ಷದಾಗ ಇದು ಹದಿನಾಲ್ಕನೇ ಸಲ" ಅನ್ನುವವರು ಹೆಚ್ಚು ಪ್ರಾಮಾಣಿಕರು ಎಂದೇ ನನ್ನ ನಂಬಿಕೆ. ಅವ್ವನಿಗೆ ಈ ನಂಬಿಕೆ ಇಲ್ಲ. "ನಿನ್ನ ಕಟಗೊಂಡಾವ ಮದಲ ವರ್ಷನ ಓಡಿ ಹೋಗ್ತಾನ" ಅನ್ನುತ್ತಾಳೆ. ಈ ಮಾತನ್ನು ಅವಳು ಇದುವರೆಗೆ ಇಪ್ಪತ್ತೆರಡು ಸಲ ಹೇಳಿದ್ದಾಳೆ.

ಈ ವರ್ಷದ ದಿನಚರಿಯಲ್ಲಿ ಒಂದು ಪುಟದ ಅಂಚು ಗೀಟಿನಿಂದಲೇ ಕಪ್ಪಾಗಿದೆ. ಚಂಡಮಾರುತ ನಮ್ಮ ಮನೆಯ ಮೇಲೆ ಹಾದುಹೋದ ದಿನದ ಪುಟ ಅದು. ನೋಡಿದವರು, ಬಿದ್ದ ಮರಗಳನ್ನು ಎಣಿಸಿರಬೇಕು ಅಂದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲಿ ಬಿದ್ದ ಮರ ಮೂರು, ನಮ್ಮ ಮನೆಯಲ್ಲಿ ಒಡೆದ ಕಿಟಕಿ ಒಂದು. ಇವುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಗಾಳಿ ತನ್ನ ಕೆಲಸ ಮಾಡಿತು, ಹೋಯಿತು. ಗೀಟುಗಳು ಮೂವತ್ತೆಂಟು. ಅವು ಅಂದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ ಗದಗ ಜಿಲ್ಲೆಯಿಂದ ಬಂದ ಫೋನುಗಳು.

ನಾವು ಬೆಟಗೇರಿಯವರು. ಅಜ್ಜನ ಕಾಲದವರೆಗೆ ಮನೆಯಲ್ಲಿ ಕೈಮಗ್ಗ ನಡೆಯುತ್ತಿತ್ತು. ಅಪ್ಪನಿಗೆ ಮಗ್ಗದ ಸದ್ದು ಕೇಳಿಯೇ ಅದರ ರೋಗ ಹೇಳುವ ಕಿವಿ ಇದೆ. ಆ ಕಿವಿಯೇ ಅವನನ್ನು ಮಾರಿಷಸ್ಸಿನ ಒಂದು ಬಟ್ಟೆ ಗಿರಣಿಗೆ ಮೇಲ್ವಿಚಾರಕನಾಗಿ ಕರೆತಂದಿತು. ಹಿಂದಿನಿಂದ ಅವ್ವ ಮತ್ತು ನಾನು ಬಂದೆವು. ನಾನೀಗ ಇಲ್ಲಿಯ ಒಂದು ಪುಸ್ತಕ-ಪೆನ್ನಿನ ಅಂಗಡಿಯಲ್ಲಿ ಸರಕಿನ ಪಟ್ಟಿ ಇಡುತ್ತೇನೆ. ಅಂದರೆ ನನ್ನ ಚಟಕ್ಕೆ ಯಾರೋ ಸಂಬಳ ಕೊಡುತ್ತಾರೆ.

ಇಲ್ಲಿ ಚಂಡಮಾರುತ ಬರುವ ಮೊದಲು ಸರಕಾರ ಒಂದು, ಎರಡು, ಮೂರು ಎಂದು ವರ್ಗ ಹೇಳಿ ಎಚ್ಚರಿಸುತ್ತದೆ. ಮೂರು ಅಂದಮೇಲೆ ಯಾರೂ ಹೊರಗೆ ಹೋಗುವಂತಿಲ್ಲ. ಎರಡು ಅಂದ ದಿನ ಸಂಜೆಯೇ ಅಪ್ಪ ಗಿರಣಿಯ ಕೆಲಸಗಾರರ ವಸತಿಗೆ ಹೊರಟ. ಅಲ್ಲಿರುವವರಲ್ಲಿ ಬಹಳ ಮಂದಿ ಹೊಸಬರು, ಹೆದರಿದ್ದರು. "ನಾ ಮುಂದ ಇದ್ರ ಅವಕ್ಕ ಧೈರ್ಯ ಇರತೈತಿ. ಗಾಳಿ ಇಳದ ಮ್ಯಾಲ ಬರ್ತೀನಿ" ಅಂದ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ: "ಊರಾಗ ಯಾರಿಗೂ ಹೇಳಬ್ಯಾಡ್ರಿ. ಸುಮ್ಮನ ಗಾಬರಿ ಆಗ್ತಾರ."

ಹೇಳುವ ಅಗತ್ಯವೇ ಬೀಳಲಿಲ್ಲ. ಊರಿನ ಟೀವಿಯವರು ಮರುದಿನ ಬೆಳಿಗ್ಗೆಯೇ ಹೇಳಿಬಿಟ್ಟರು. ಅದೂ ನಮ್ಮ ಇಡೀ ದ್ವೀಪದ ಮೇಲೆ ಒಂದು ಕೆಂಪು ಚಕ್ರವನ್ನು ಗರಗರ ತಿರುಗಿಸಿ.

ಅವ್ವನ ತಯಾರಿಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗದ ಮೇಲೆ ನಾಲ್ಕು ತಗಡಿನ ಚಾವಣಿ ಇದೆ. ಬೆಟಗೇರಿಯಲ್ಲಿ ಗಾಳಿ ಎದ್ದರೆ ಮಾಡುವುದೇನು? ತಗಡು ಹಾರದಂತೆ ಮೇಲೆ ಕಲ್ಲು ಇಡುವುದು. ಅವ್ವ ಸ್ಟೂಲಿನ ಮೇಲೆ ಹತ್ತಿ ಆರು ಕಲ್ಲು ಇಟ್ಟಳು. ಚೆನ್ನಾಗಿ ಆರಿಸಿದ ದುಂಡು ಕಲ್ಲು. ಎತ್ತಿ ಎತ್ತಿ ಕೊಟ್ಟವಳು ನಾನೇ. ಎದುರು ಮನೆಯ ಮುದುಕಿ ಇದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಓಡಿಬಂದಳು. ಈ ಗಾಳಿಗೆ ಕಲ್ಲು ತಗಡಿನ ಜೊತೆಗೇ ಹಾರುತ್ತದೆ, ಹಾರಿ ತನ್ನ ಮನೆಗೇ ಬರುತ್ತದೆ ಎಂದು ಭೋಜಪುರಿ ಬೆರೆತ ಭಾಷೆಯಲ್ಲಿ ಕೂಗಿ, ನಿಂತು ಆರನ್ನೂ ನಮ್ಮಿಂದಲೇ ಕೆಳಗಿಳಿಸಿದಳು. ಅವಳು ಹೋದಮೇಲೆ ಅವ್ವ ಅಂದಳು: "ಕಲ್ಲು ಹಾರತಾವಂತ. ಹಕ್ಕಿ ಏನ ಅವು?" ಮಾರನೆಯ ದಿನ ಹತ್ತು ಗಂಟೆಗೆ ನಾಲ್ಕೂ ತಗಡು ಒಂದರ ಹಿಂದೆ ಒಂದು ಎದ್ದು ಹೋದವು. ಅವ್ವ ಅದನ್ನು ಕಿಟಕಿಯಿಂದ ನೋಡಿದಳು.

ಆದರೆ ಅದಕ್ಕೂ ಮೊದಲೇ ಅಸಲು ಕಷ್ಟ ಶುರುವಾಗಿತ್ತು. ಬೆಳಿಗ್ಗೆ ಏಳು ಐವತ್ತಕ್ಕೆ ಕರೆಂಟು ಹೋಯಿತು. ಎಂಟು ಇಪ್ಪತ್ತಕ್ಕೆ ಅಪ್ಪನ ಫೋನು. ಹಿಂದೆ ಗಾಳಿಯ ಸದ್ದು ಎಷ್ಟಿತ್ತೆಂದರೆ ಅವನು ಕೂಗಿಯೇ ಹೇಳಬೇಕಾಯಿತು: "ಇಲ್ಲಿ ಊಟದ ಖೋಲಿ ತಗಡು ಕಿತ್ತು ಹೋಗಾಕತ್ತಾವ. ಎಲ್ಲಾರನ್ನೂ ಗಿರಣಿ ಗೋದಾಮಿಗೆ ಕರಕೊಂಡು ಹೊಂಟೀನಿ. ಮುಟ್ಟಿದ ಕೂಡಲೇ ಮಾಡ್ತೀನಿ." ವಸತಿಯಿಂದ ಗೋದಾಮಿಗೆ ನಡೆದರೆ ಐದು ನಿಮಿಷದ ದಾರಿ, ಬಟ್ಟಬಯಲು. ಐದು ನಿಮಿಷವಾಯಿತು, ಹತ್ತಾಯಿತು. ಒಂಬತ್ತು ಗಂಟೆಗೆ ನಾವೇ ಮಾಡಿದೆವು. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಫ್ರೆಂಚಿನಲ್ಲಿ ಏನೋ ಹೇಳಿದಳು. ಫೋನು ಬಂದ್ ಆಗಿದೆ ಎಂದು ಅರ್ಥ.

ಇನ್ನು ನಮ್ಮ ಪಾಲಿಗೆ ಉಳಿದದ್ದು ಅವ್ವನ ಫೋನೊಂದೇ. ನನ್ನದು ಸತ್ತಿತ್ತು. ಹಿಂದಿನ ದಿನದ ದಿನಚರಿಯಲ್ಲಿ "9.00: ಫೋನು ಚಾರ್ಜಿಗೆ ಇಟ್ಟಾಯಿತು" ಎಂದು ನೀಟಾಗಿ ಬರೆದಿದ್ದೇನೆ. ಇಟ್ಟದ್ದು ಖರೆ. ಗೋಡೆಯ ಸ್ವಿಚ್ಚು ಹಾಕಿರಲಿಲ್ಲ. ಬರೆಯುವ ಅವಸರದಲ್ಲಿ ಮಾಡುವುದು ಮರೆತ ಉದಾಹರಣೆಗಳು ನನ್ನಲ್ಲಿ ಇನ್ನೂ ಇವೆ, ಇಲ್ಲಿ ಬೇಡ. ಅವ್ವನ ಫೋನಿನಲ್ಲಿ ಎಂಬತ್ತೊಂದು ಪ್ರತಿಶತ ಚಾರ್ಜು ಇತ್ತು. ಅಪ್ಪನ ಒಂದು ಫೋನು ಬರುವವರೆಗೆ ಅದು ಉಳಿಯಬೇಕು. ಲೆಕ್ಕ ಇಷ್ಟು ಸರಳವಾಗಿತ್ತು.

ಆಗ ಬೆಟಗೇರಿಯಿಂದ ದೊಡ್ಡಪ್ಪನ ಫೋನು ಬಂತು. ಅಪ್ಪನ ಅಣ್ಣ, ಮನೆತನದ ಹಿರಿಯ. "ಏನವಾ ತಂಗಿ, ಹೆಂಗದೀರಿ? ಟೀವಿಯೊಳಗ ನಿಮ್ಮೂರಾಗ ಚಕ್ರ ತಿರಗಾಕತ್ತೈತಿ!" ಅವ್ವ ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡಳು, ಸಮುದ್ರದಾಚೆಯ ಫೋನಿಗೂ ಅವಳು ಭಾವನವರ ಮುಂದೆ ಸೆರಗು ಸರಿ ಮಾಡಿಕೊಳ್ಳುತ್ತಾಳೆ. "ಆರಾಮದೀವ್ರಿ ಭಾವಾರ. ಗಾಳಿ ಐತಿ, ಅಷ್ಟ." ಅಪ್ಪ ಗಿರಣಿಯಲ್ಲಿದ್ದಾನೆ ಅಂದಳು, ಫೋನು ಬಂದ್ ಇರುವುದನ್ನು ಹೇಳಲಿಲ್ಲ. ದೊಡ್ಡಪ್ಪ ಏಳು ನಿಮಿಷ ಮಾತಾಡಿದ. ಕೊನೆಗೆ "ತಗಡಿನ ಮ್ಯಾಲ ಕಲ್ಲು ಇಟ್ಟೀರಿಲ್ಲೊ?" ಎಂದು ಕೇಳಿದ. ಅವ್ವ ನನ್ನ ಕಡೆ ಹೆಮ್ಮೆಯಿಂದ ನೋಡಿದಳು. ಒಂದು ಗೀಟು.

ಅವನು ಇಟ್ಟ ಎರಡೇ ನಿಮಿಷಕ್ಕೆ ಅವನ ಹಿರಿಯ ಮಗನ ಫೋನು. ಅದು ಮುಗಿಯುತ್ತಲೇ ಹಿರಿಯ ಸೊಸೆ. ಆಮೇಲೆ ಕಿರಿಯ ಮಗ. ಇವರೆಲ್ಲ ಒಂದೇ ಮನೆಯಲ್ಲಿ ಇರುವವರು. ಒಂದೇ ಪಡಸಾಲೆಯಲ್ಲಿ ಕುಳಿತವರು. ಸೊಸೆ ಮಾತಾಡುವಾಗ ಹಿಂದೆ ದೊಡ್ಡಪ್ಪ ಕೆಮ್ಮಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಫೋನು ಕಸಿದುಕೊಂಡು, "ವೈನಿ, ಈಗ ದೊಡ್ಡಪ್ಪಗ ಎಲ್ಲಾ ಹೇಳೀವಲ್ರಿ, ಅವರನ್ನ ಕೇಳ್ರಿ" ಅಂದೆ. ಅತ್ತ ಕಡೆಯಿಂದ ಬಂದ ಉತ್ತರ ಇದು: "ಅವರು ಕೇಳಿದ್ದು ಅವರದಾತು. ನಾವು ಕೇಳೂದು ಬ್ಯಾಡೇನು?"

ಇದು ನಮ್ಮ ಕಡೆಯ ಪದ್ಧತಿ. ಯಾರಿಗಾದರೂ ಏನಾದರೂ ಆದರೆ ಮಾತಾಡಿಸಲು ಹೋಗಬೇಕು. ಏನಾಯಿತು ಎಂದು ತಿಳಿದುಕೊಳ್ಳುವುದಕ್ಕೆ ಅಲ್ಲ. ತಿಳಿದ ಮೇಲೆಯೇ ಹೋಗುವುದು. ಅಜ್ಜ ಒಮ್ಮೆ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಏಳುವಾಗ ಕಾಲು ಉಳುಕಿಸಿಕೊಂಡಿದ್ದ. ಕಾಲು ನಾಲ್ಕು ದಿನಕ್ಕೆ ಸರಿಯಾಯಿತು, ಮಾತಾಡಿಸುವುದು ಹದಿನೇಳು ದಿನ ನಡೆಯಿತು. ಕಾಲು ವಾಸಿಯಾಗಿದ್ದರೂ ಮಂದಿ ಬಂದ ಕೂಡಲೇ ಅಜ್ಜ ಹಾಸಿಗೆ ಮೇಲೆ ಹೋಗಿ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ, ಬಂದವರಿಗೆ ಬೇಜಾರಾಗಬಾರದೆಂದು. ಗಂಡ ಬೇರೆ ಬರಬೇಕು, ಹೆಂಡತಿ ಬೇರೆ ಬರಬೇಕು. ಮದುವೆಯಾದ ಮಗ ತನ್ನ ಪಾಲಿನ ಬಿಸ್ಕೀಟು ಪುಡಿಕೆ ಬೇರೆ ತರಬೇಕು. ಆಗ ನನಗೆ ಬಿಸ್ಕೀಟು ಸಿಗುತ್ತಿದ್ದವು, ಪದ್ಧತಿ ಚೆನ್ನಾಗಿ ಕಂಡಿತ್ತು. ಫೋನಿನಲ್ಲಿ ಬಿಸ್ಕೀಟು ಬರುವುದಿಲ್ಲ, ಚಾರ್ಜು ಹೋಗುತ್ತದೆ.

"ಎತ್ತಬ್ಯಾಡ ಅವ್ವಾ" ಅಂದೆ. ಅವ್ವ ನಾನೇನೋ ಕೊಲೆಯ ಮಾತಾಡಿದಂತೆ ನೋಡಿದಳು. "ಎತ್ತಲಿಲ್ಲಂದ್ರ ಪರದೇಶಕ್ಕ ಹೋಗಿ ಸೊಕ್ಕು ಬಂದೈತಿ ಅಂತಾರ." ಈ ಸೊಕ್ಕಿನ ಆಪಾದನೆಗೆ ಅವ್ವ ಚಂಡಮಾರುತಕ್ಕಿಂತ ಹೆಚ್ಚು ಹೆದರುತ್ತಾಳೆ.

ಹತ್ತು ಗಂಟೆಗೆ, ತಗಡು ಹಾರುವಾಗ, ಶಿರಹಟ್ಟಿಯ ದೊಡ್ಡವ್ವ ಫೋನಿನಲ್ಲಿದ್ದಳು. ಅವ್ವನ ಅಕ್ಕ. ಅವಳದು ಸಲಹೆಯ ಸ್ವಭಾವ. "ಬಾಗಲಾ ಹಾಕೊಂಡೀರಿಲ್ಲೊ?" ಅಂದಳು. ಹಾಕಿಕೊಂಡಿದ್ದೇವೆ. "ಕಿಟಕಿ?" ಅದನ್ನೂ. "ಒಣಗಿಸಿದ ಅರಬಿ ಒಳಗ ತಂದೀರಿ?" ಗಾಳಿ ಮನೆಯನ್ನೇ ಹೊತ್ತೊಯ್ಯುವಂತಿದ್ದಾಗ ಹಗ್ಗದ ಮೇಲೆ ಟವೆಲ್ಲು ಹಾಕಿ ಕುಳಿತಿರುತ್ತೇವೆಯೇ? ನಾನು ಇದನ್ನು ಜೋರಾಗಿಯೇ ಕೇಳಿದೆ. "ಯಾರವಾ ಅದು ಹಿಂದ ಒದರಾಕತ್ತೈತಿ, ಗಾಳಿ ಏನು?" ಅಂದಳು ದೊಡ್ಡವ್ವ. "ಅಲ್ಲಕ್ಕಾ, ಪಲ್ಲವಿ" ಅಂದಳು ಅವ್ವ. ಅಷ್ಟರಲ್ಲಿ ಮಲಗುವ ಕೋಣೆಯ ಕಿಟಕಿಯ ಗಾಜು ಒಡೆಯಿತು. ನಾನು ಓಡಿಹೋಗಿ ಚಾಪೆ, ಅದರ ಮೇಲೆ ಕಪಾಟಿನ ಹಲಗೆ ಒತ್ತಿ ಹಿಡಿದು ನಿಂತೆ. ಮಳೆ ಸೂಜಿಯಂತೆ ಚುಚ್ಚುತ್ತಿತ್ತು. "ಅವ್ವಾ, ಬಾ ಇಲ್ಲೆ!" ಅಂದೆ. ಅವ್ವ ಒಂದು ಕೈಯಲ್ಲಿ ಹಲಗೆ ಹಿಡಿದಳು, ಇನ್ನೊಂದು ಕೈಯಲ್ಲಿ ಫೋನು ಹಾಗೆಯೇ ಇತ್ತು. "ಏನಿಲ್ಲಕ್ಕಾ, ಒಂದೀಟು ಕಿಟಕಿ ಒಡೀತು. ನೀ ಹೇಳು."

ಹನ್ನೊಂದಕ್ಕೆ ಐವತ್ತೆರಡು ಪ್ರತಿಶತ. ಅಪ್ಪನ ಸುದ್ದಿ ಇಲ್ಲ. ನಾನು ಎರಡು ಕರೆಗಳ ನಡುವಿನ ಸಂದಿಯಲ್ಲಿ ಅಪ್ಪನ ನಂಬರಿಗೆ ಮಾಡುತ್ತಿದ್ದೆ. ಪ್ರತಿ ಸಲವೂ ಅದೇ ಫ್ರೆಂಚ್ ಹೆಂಗಸು, ಅದೇ ಮರ್ಯಾದೆ. ಅವ್ವ ಬೆಳಿಗ್ಗೆ ಮಾಡಿದ ಉಪ್ಪಿಟ್ಟು ಮುಚ್ಚಿದ ತಟ್ಟೆಯ ಕೆಳಗೆ ಹಾಗೆಯೇ ಇತ್ತು. ಆ ಬಯಲಿನ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಫೋನು ರಿಂಗಾದ ಕೂಡಲೇ ಇಬ್ಬರೂ ಒಟ್ಟಿಗೆ ಬಾಗಿ ಹೆಸರು ನೋಡುತ್ತಿದ್ದೆವು. ಪ್ರತಿ ಸಲವೂ ಅದು ಅಪ್ಪನಲ್ಲದವರ ಹೆಸರು. ನನ್ನ ಸಿಟ್ಟಿನ ನಿಜವಾದ ಕಾರಣ ಚಾರ್ಜಲ್ಲ, ಅದು: ಒಂದು ದಿನದಲ್ಲಿ ಮೂವತ್ತೆಂಟು ಸಲ ಎದೆ ಹಾರಿ ಕೆಳಗೆ ಬೀಳುವುದು.

ಕುರ್ತಕೋಟಿಯ ಬಸಣ್ಣ ಕಾಕಾ ಅಪ್ಪನ ಶಾಲೆಯ ಗೆಳೆಯ, ಒಕ್ಕಲುತನದವ. ಅವನ ಪ್ರಶ್ನೆಯೇ ಬೇರೆ. "ಮಳಿ ಎಷ್ಟಾತ್ರಿ ಅಕ್ಕಾರ? ನೆಲಾ ಎಷ್ಟು ಗೇಣು ಹಸಿ ಆಗಿರಬಹುದು?" ಬಾಗಿಲ ಕೆಳಗಿನಿಂದ ನೀರು ನಮ್ಮ ಪಡಸಾಲೆಗೆ ಬರುತ್ತಿತ್ತು, ನಾನು ಹಳೆ ಸೀರೆ ಸುರುಳಿ ಮಾಡಿ ತುರುಕುತ್ತಿದ್ದೆ. "ಮನಿಯೊಳಗನ ಒಂದು ಗೇಣು ಐತ್ರಿ ಕಾಕಾ" ಅಂದೆ. ಅವನು ನಿಟ್ಟುಸಿರು ಬಿಟ್ಟು, "ಹಿಂಗ ನೋಡ್ರಿ, ಬೇಕಾದಲ್ಲಿ ಬರೂದಿಲ್ಲ" ಅಂದ. ನಮಗೆ ಬೇಡದ ಮಳೆಯ ಮೇಲೆ ಅವನಿಗೆ ಅಷ್ಟು ಆಸೆ. ನಗಬೇಕೋ ಬೈಯಬೇಕೋ ತಿಳಿಯದೆ ಗೀಟು ಎಳೆದೆ. ಆಮೇಲೆ ಅವನು ಇನ್ನೆರಡು ಸಲ ಮಾಡಿದ, ಮಳೆ ಹೆಚ್ಚಾಯಿತೋ ಎಂದು ಕೇಳಲು.

ಒಂದು ಗಂಟೆಗೆ ಇಪ್ಪತ್ತಾರು ಪ್ರತಿಶತ. ಲಕ್ಷ್ಮೇಶ್ವರದ ಅತ್ತೆ, ಅವಳ ಗಂಡ, ಅವಳ ಮೈದುನ, ಅವಳ ಮಗಳು. ಗದಗದಲ್ಲಿ ನಾವು ಎಂದೋ ಬಾಡಿಗೆಗಿದ್ದ ಮನೆಯ ಯಜಮಾನರು. ಅವರ ಪಕ್ಕದ ಮನೆಯವರು, ಅವರನ್ನು ನಾವು ನೋಡಿಯೇ ಇಲ್ಲ. ಎರಡೂವರೆಗೆ ಏಳು ಪ್ರತಿಶತ. ನಾನು ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಅದರ ಮುಂದೆ ಕುಳಿತೆ. "ಇನ್ನ ಯಾರೇ ಮಾಡಲಿ, ನಾವು ಎತ್ತೂದಿಲ್ಲ. ಅಪ್ಪನ ಹೆಸರು ಬಂದ್ರಷ್ಟ" ಅಂದೆ. ಅವ್ವನೂ ಹೂಂ ಅಂದಳು. ಅವಳ ದನಿಯಲ್ಲಿ ಸೊಕ್ಕಿನ ಹೆದರಿಕೆಯೂ ಉಳಿದಿರಲಿಲ್ಲ.

ಎರಡು ಐವತ್ತಕ್ಕೆ ಲಕ್ಷ್ಮೇಶ್ವರದ ಅತ್ತೆ ಮತ್ತೆ ಮಾಡಿದಳು. ಅಪ್ಪನ ತಂಗಿ, ಆ ದಿನ ಅವಳ ಮನೆಯಿಂದಲೇ ಅದು ಏಳನೆಯದು. ನಾನು ಬೆರಳನ್ನು ಕೆಂಪು ಗುಂಡಿಯ ಮೇಲೆ ಇಟ್ಟೆ. ಅವ್ವ ನನ್ನ ಕೈ ತಳ್ಳಿ ಎತ್ತಿಯೇಬಿಟ್ಟಳು. ಇಷ್ಟು ವರ್ಷದ ರೂಢಿ, ಕೈ ತಾನೇ ಹೋಯಿತು.

"ವೈನಿ, ಊಟಾ ಆತೇನ್ರಿ?" ಅತ್ತೆ ಅಂದಳು.

"ಇಲ್ಲವಾ ಶಾಂತಾ. ಮಾಡಬೇಕು."

"ನಮ್ಮದು ಆತ್ರಿ. ಬದನಿಕಾಯಿ ಎಣ್ಣಿಗಾಯಿ ಮಾಡಿದ್ದೆ. ನಮ್ಮ ಮನಿಯವರಿಗೆ ಭಾಳ ಸೇರತೈತಿ ನೋಡ್ರಿ." ಐದು ಪ್ರತಿಶತ. "ನಿಮ್ಮಲ್ಲೆ ಬದನಿಕಾಯಿ ಸಿಗತಾವೇನ್ರಿ?"

"ಸಿಗತಾವವಾ."

"ಮುಳ್ಳಿನ ಬದನಿಕಾಯಿ?" ನಾಲ್ಕು.

"ಅತ್ತೀ, ಇಡ್ರಿ! ಅಪ್ಪನ ಫೋನು ಬರಬೇಕು!" ಎಂದು ನಾನು ಕಿರುಚಿದೆ.

"ಅದನ್ನ ಹೇಳಾಕ ಮಾಡೀನಿ ತಡಿಯವಾ" ಅಂದಳು ಅತ್ತೆ, ಎಣ್ಣೆಗಾಯಿಯ ದನಿಯಲ್ಲೇ. "ಅಣ್ಣ ಈಗ ನನಗ ಫೋನ ಮಾಡಿದ್ದ. ಗೋದಾಮಿನ್ಯಾಗ ಎಲ್ಲಾರೂ ಆರಾಮದಾರಂತ. ಬಯಲಾಗ ಬರುವಾಗ ಅವನ ಫೋನ ನೀರಾಗ ಬಿತ್ತಂತ. ಅಲ್ಲಿ ಯಾವನೋ ಹುಡುಗನ ಫೋನ ಇಸಕೊಂಡು ಮಾಡಿದ. ಅವಂಗ ಬಾಯಿಪಾಠ ಇರೂದು ಎರಡ ನಂಬರ, ನಿಮ್ಮವ್ವಂದೊಂದು ನಂದೊಂದು. ನಿಮ್ಮವ್ವಂದು ಮುಂಜಾನಿಂದ ಎಂಗೇಜ ಬರಾಕತ್ತೈತಂತ." ಮೂರು. "ಅಲ್ಲ ವೈನಿ, ಇಂಥಾ ಗಾಳಿಯೊಳಗ ಯಾರ ಜೋಡಿರಿ ಅಷ್ಟು ಮಾತು ನಿಮ್ಮದು?"

ಅವ್ವ ಏನೋ ಹೇಳಲು ಬಾಯಿ ತೆರೆದಳು. ಫೋನು ಸತ್ತಿತು. ಪರದೆ ಕಪ್ಪಾಗುವ ಮೊದಲು ಮೂರೇ ಇತ್ತು, ಎರಡು-ಒಂದು ಅಂತಲೂ ಆಗಲಿಲ್ಲ. ಆಮೇಲೆ ಅವ್ವ ಅಕ್ಕಿ ಡಬ್ಬಿಗೆ ಒರಗಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಹೋಗಿ ತಣ್ಣಗಿನ ಉಪ್ಪಿಟ್ಟು ಎರಡು ತಟ್ಟೆಗೆ ಹಾಕಿ ತಂದಳು. "ಎಣ್ಣಿಗಾಯಿ ಮಾಡ್ಯಾಳಂತ" ಅಂದಳು. ಇಬ್ಬರೂ ಉಂಡೆವು. ಗೀಟು ಎಳೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ ಕೊನೆಗೆ ಎಳೆದೆ, ಸ್ವಲ್ಪ ತೆಳ್ಳಗೆ.

ಅವ್ವನ ಫೋನಿನಲ್ಲಿ ಮಾತಾಡುವಾಗ ಇನ್ನೊಬ್ಬರು ಮಾಡಿದರೆ ಟುಂಯ್ ಟುಂಯ್ ಎಂದು ತಿಳಿಸುವ ಸೌಲಭ್ಯವಿತ್ತು. ಅದು ಅವಳ ಕಿವಿಗೆ ಕಿರಿಕಿರಿ ಎಂದು ಹೋದ ವರ್ಷ ಅದನ್ನು ತೆಗೆದುಹಾಕಿದವಳು ನಾನು. ತೆಗೆದ ದಿನವೂ ದಿನಚರಿಯಲ್ಲಿದೆ. ಈ ವಿಷಯವನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ನಿಮಗಷ್ಟೇ ಹೇಳುತ್ತಿದ್ದೇನೆ.

ಮರುದಿನ ಮಧ್ಯಾಹ್ನ ಅಪ್ಪ ಬಂದ, ಮೊಣಕಾಲವರೆಗೆ ಕೆಸರು, ಒಂದೇ ಚಪ್ಪಲಿ. ಅವ್ವ ಅವನನ್ನು ನೋಡಿ ಪಾತ್ರೆ ಕುಕ್ಕಿದಳು. ಒಂದು ಲೋಟ ಚಹಾ ಕುಡಿದ ಮೇಲೆ ಅವನು ಮೊದಲು ಕೇಳಿದ್ದು ಮನೆಯ ಬಗ್ಗೆ ಅಲ್ಲ. "ಊರಿಂದ ಯಾರ್‍ಯಾರು ಮಾಡಿದ್ರು?" ಊರಿಗೆ ಹೇಳಬೇಡಿ ಅಂದಿದ್ದವನು ಇವನೇ. ನಾನು ದಿನಚರಿ ತಂದು ದೂರು ಒಪ್ಪಿಸುವ ದನಿಯಲ್ಲಿ ಓದಿದೆ: ಬೆಟಗೇರಿ ಹದಿನಾಲ್ಕು, ಶಿರಹಟ್ಟಿ ಒಂಬತ್ತು, ಲಕ್ಷ್ಮೇಶ್ವರ ಏಳು, ಗದಗ ಐದು, ಕುರ್ತಕೋಟಿ ಮೂರು. ಪ್ರತಿ ಹೆಸರಿಗೂ ಅಪ್ಪನ ಮುಖ ಅರಳುತ್ತ ಹೋಯಿತು. "ಬಸ್ಯಾ ಮೂರು ಸಲ ಮಾಡಿದ್ನೇನು!" ಅಂದ. ನನ್ನ ದೂರಿನ ಪಟ್ಟಿ ಅವನಿಗೆ ಸನ್ಮಾನ ಪತ್ರದಂತೆ ಕೇಳಿಸಿತ್ತು. ಓದಿ ಮುಗಿದ ಮೇಲೆ, "ಮುಂಡರಗಿ?" ಅಂದ.

ಮುಂಡರಗಿಯಲ್ಲಿ ಇರುವವನು ನನ್ನ ಸೋದರಮಾವ, ಅವ್ವನ ಒಬ್ಬನೇ ತಮ್ಮ, ಹೈಸ್ಕೂಲು ಮಾಸ್ತರ. ನಾನು ಪುಟ ತಿರುಗಿಸಿದೆ, ಮತ್ತೆ ಹಿಂದೆ ತಿರುಗಿಸಿದೆ. ಮುಂಡರಗಿ ಸೊನ್ನೆ. ಅವ್ವ ಒಲೆಯ ಕಡೆ ತಿರುಗಿದಳು. "ಕೆಲಸ ಇದ್ದಿರಬೇಕು ಅವಂಗ" ಅಂದಳು. ಅವಳ ಬೆನ್ನು ಮಾತ್ರ ಹಾಗೆ ಅನ್ನಲಿಲ್ಲ.

ಕರೆಂಟು ಬಂದ ದಿನ ಮಾಮನ ಫೋನು ಬಂತು. "ಅಕ್ಕಾ, ಎಲ್ಲಾರೂ ಆರಾಮದೀರಂತ ಶಿರಹಟ್ಟಿ ಅಕ್ಕನಿಂದ ತಿಳೀತು. ನಿಮ್ಮಲ್ಲೆ ಕರೆಂಟ ಹೋಗಿರತೈತಿ, ನಿಮ್ಮ ಫೋನಿನ ಚಾರ್ಜ ಉಳೀಲಿ ಅಂತ ನಾ ಮಾಡಲಿಲ್ಲ. ಮನ್ಯಾಗ ಇಕೀಗೂ ಮಾಡಗೊಡಲಿಲ್ಲ. ಇಡೀ ದಿನಾ ಟೀವಿ ಮುಂದ ಕುಂತಿದ್ವಿ, ಉಣಲಿಲ್ಲ ಖರೇನ."

ನೋಡಿ, ಆ ದಿನ ನಾನು ಹಲಗೆ ಹಿಡಿದು ನಿಂತು ಇಡೀ ಜಿಲ್ಲೆಯಿಂದ ಬಯಸಿದ್ದು ಇದೊಂದನ್ನೇ. ಬುದ್ಧಿ ಇರುವ ಒಬ್ಬನೇ ಒಬ್ಬ ಮನುಷ್ಯ. ಎಲ್ಲರೂ ಮಾಮನಂತೆ ಇದ್ದಿದ್ದರೆ ಅಪ್ಪನ ಫೋನು ಒಂಬತ್ತೂವರೆಗೇ ಬರುತ್ತಿತ್ತು, ಉಪ್ಪಿಟ್ಟು ಬಿಸಿ ಇರುವಾಗಲೇ ತಿನ್ನುತ್ತಿದ್ದೆವು. ಅವ್ವ, "ಹೌದಪಾ, ಭಾಳ ಶಾಣ್ಯಾ ನೀನು" ಎಂದು ತಣ್ಣಗೆ ಹೇಳಿ ಫೋನನ್ನು ನನಗೆ ಕೊಟ್ಟಳು. ಆಗಲಾದರೂ ನಾನು ಅವನ ಪರವಾಗಿ ಒಂದು ಮಾತು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಇದು: "ಮೂವತ್ತೆಂಟು ಫೋನ ಬಂದಾವ ಮಾಮಾ. ಗುರುತಿಲ್ಲದವರೂ ಮಾಡ್ಯಾರ. ನಿಮಗ ಒಂದು ನಿಮಿಷ ಸಿಗಲಿಲ್ಲೇನು?"

ಅಂದಿನಿಂದ ಮಾಮ ಎರಡು ಸಲ ಫೋನು ಮಾಡಿದ್ದಾನೆ. ಎರಡೂ ಸಲ ನಾನೇ ಎತ್ತಿ, "ಚಾರ್ಜ ಇಲ್ಲ ಮಾಮಾ, ಆಮ್ಯಾಲ ಮಾತಾಡೂಣು" ಎಂದು ಇಟ್ಟಿದ್ದೇನೆ. ಮೊದಲ ಸಲ ತೊಂಬತ್ತಾರು ಪ್ರತಿಶತ ಇತ್ತು, ಎರಡನೆಯ ಸಲ ಪೂರ್ತಿ ನೂರು.